ಕಲ್ಲಿಗೆ ಧಾರವಾಡವೆಂದು ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಮಾಧವರದಿಂದ ಕಲ್ಕತ್ತೆಯ ಹೆದ್ದಾರಿಯನ್ನು ಹಿಡಿದು ವಾಯವ್ಯಕ್ಕೆ ಸಾಗಿದರೆ ಪುಳಲ್ ಕೆರೆಯ ಏರಿ ಕಾಣಿಸುತ್ತದೆ. ಅದರ ಮಗ್ಗುಲಿನ ಊರನ್ನು ತಮಿಳರು ಸೆಂಗುನ್ರಂ ಎನ್ನುತ್ತಾರೆ. ಇಂಗ್ಲಿಷಿನವರು ರೆಡ್ ಹಿಲ್ಸ್ ಎಂದರು. ನಾವು ಬೇಕಾದರೆ ಕೆಂಗುಡ್ಡ ಎನ್ನಬಹುದು. ಹೆಸರನ್ನು ನಂಬಿ ಗುಡ್ಡವನ್ನರಸುತ್ತ ಹೋದವರಿಗೆ ನಿರಾಶೆಯೇ ಗತಿ. ಅಲ್ಲಿರುವುದು ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ಒಂದು ದಿಣ್ಣೆ. ಆದರೆ ನೆಲದ ಕೆಂಪು ಮಾತ್ರ ಸುಳ್ಳಲ್ಲ. ಉಡುಪಿ, ಕುಂದಾಪುರ, ಪುತ್ತೂರುಗಳ ಕಡೆಯಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿಯುತ್ತಿರುವ ನಮ್ಮ ವಾಚಕರು ಆ ಜಲ್ಲಿಯನ್ನು ಒಂದು ಹಿಡಿ ಎತ್ತಿ ನೋಡಿದರೆ ಅದರ ಕುಲವನ್ನು ಒಡನೆಯೇ ಗುರುತಿಸಿಯಾರು. ಊರಿನಲ್ಲಿ ಅವರ ಮನೆಯ ಗೋಡೆಯನ್ನೂ ಬಾವಿಯ ಕಟ್ಟೆಯನ್ನೂ ಕಟ್ಟಿರುವ ಮುರಕಲ್ಲಿನ ಬಳಗಕ್ಕೆ ಸೇರಿದ ಮಣ್ಣೇ ಅದು.

ಈ ಕಲ್ಲಿಗೆ ಶಾಸ್ತ್ರಜ್ಞರು ಲ್ಯಾಟರೈಟ್ ಎನ್ನುತ್ತಾರೆ. ೧೮೦೦ನೆಯ ಇಸವಿಯಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಡಿಯುವುದನ್ನು ಕಂಡನು. ನೆಲದಲ್ಲಿರುವಾಗ ಕತ್ತಿಗೆ ಎಡೆಕೊಡುವಷ್ಟು ಮೆದು, ಗಾಳಿ ತಾಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿ. ಆ ಕಡೆಯ ಜನರು ಅದನ್ನು ಇಟ್ಟಿಗೆ ಕಲ್ಲು ಎಂದು ಕರೆಯುತ್ತಿದ್ದುದನ್ನು ಅವನು ಕೇಳಿ ಬರೆದುಕೊಂಡನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲೇಟರ್ ಎಂದು ಹೆಸರು. ೧೮೦೭ರಲ್ಲಿ ಅವನ ಗ್ರಂಥವು ಅಚ್ಚಾದಾಗ ನಮ್ಮ ಕಡೆಯ ಕೂಲಿಗಾರನ ಮಾತು ಲ್ಯಾಟಿನ್ ಅಂಗಿಯನ್ನು ತೊಟ್ಟು ಲೋಕಸಂಚಾರಕ್ಕೆ ಹೊರಟಿತು. ಇಂದು ಬ್ರೆಜಿಲಿನಲ್ಲಾಗಲಿ ಆಫ್ರಿಕದಲ್ಲಾಗಲಿ ಇಂಥ ಮಣ್ಣನ್ನು ಕಂಡವರು ಆ ಹೆಸರನ್ನೇ ಹೇಳುತ್ತಾರೆ.

ಕಲ್ಲುಗಳಿಗೆ ಹೆಸರು ಬರುವ ಬಗೆ ಹೀಗೆ ವಿಚಿತ್ರವಾದದ್ದು. ನಮ್ಮ ಧಾರವಾಡದ ಹೆಸರನ್ನು ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ಸೇರಿಸಿದ ಮಹನೀಯರೊಬ್ಬರ ವೃತ್ತಾಂತವನ್ನು ಇಂದು ಹೇಳಬೇಕೆಂದಿದ್ದೇವೆ. ಈ ಕೆಂಪು ಜಲ್ಲಿಯ ನೆಲವೇ ಅವರ ಕೀರ್ತಿಗೂ ಮೊದಲ ಮೆಟ್ಟಿಲಾಯಿತೆಂಬುದರಿಂದ ಇಲ್ಲಿಂದ ಆರಂಭಿಸಿದೆವು.

ರಾಬರ್ಟ್ ಬ್ರೂಸ್ ಫೂಟರು ೧೮೩೪ನೆಯ ಸೆಪ್ಟೆಂಬರ್ ೨೨ರಂದು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದರು. ೧೮೫೮ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ಆ ಇಲಾಖೆಗೆ ಆಗ ಏಳೆಂಟು ವರ್ಷ ಮಾತ್ರ ವಯಸ್ಸು. ಥಾಮಸ್ ಓಲ್ಡ್‌ಹ್ಯಾಮ್ ಎಂಬ ವಿದ್ವಾಂಸರು ೧೮೫೧ರಲ್ಲಿ ಅದರ ಅಡಿಗಲ್ಲನ್ನು ಹಾಕಿದ್ದರು. ಸರ್ಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು; ಕಬ್ಬಿಣವೋ ಚಿನ್ನವೋ ಸಿಕ್ಕರೆ ಮತ್ತೂ ಒಳ್ಳೆಯದು. ಇಲಾಖೆಯ ಅಧಿಕಾರಿಗಳು ಮಳೆ ನಿಂತ ಮೇಲೆ ಡೇರೆ, ಸುತ್ತಿಗೆ, ನಕ್ಷೆಗಳೊಡನೆ ಹೊರಟು, ಊರಿಂದೂರಿಗೆ ನಡೆದು, ನೆಲದ ಕಲ್ಲನ್ನು ಒಡೆದು ನೋಡಿ ಬಣ್ಣಬಣ್ಣವಾಗಿ ನಕ್ಷೆಯಲ್ಲಿ ಗುರುತು ಮಾಡಬೇಕು; ಬಿಸಿಲು ಮಿತಿಮೀರಿದ ಮೇಲೆ ಕಚೇರಿಗೆ ಮರಳಿ ವರದಿ ಬರೆಯಬೇಕು. ಫೂಟರು ಈ ಬಗೆಯ ಸರ್ಕಾರಿ ಚಾಕರಿಯನ್ನು ಮೂವತ್ತಮೂರು ವರ್ಷ ಮಾಡಿದರು.

ಪಲ್ಲಾವರದ ಕವಾಯತು ಮೈದಾನ

೧೮೬೩ನೆಯ ಮೇ ೩೦. ಮದರಾಸಿನ ದಕ್ಷಿಣಕ್ಕೆ, ಇಂದು ವಿಮಾನ ನಿಲ್ದಾಣವಿರುವ ಪ್ರದೇಶಕ್ಕೆ ಸಮೀಪದ ಪಲ್ಲಾವರದಲ್ಲಿ ಆಗ ಸೈನ್ಯದ ಕವಾಯತು ಮೈದಾನವಿದ್ದಿತು. ಜಲ್ಲಿಗಾಗಿ ಅಲ್ಲಿ ಗುಂಡಿಯೊಂದನ್ನು ತೋಡಿದ್ದರು. ಗುಂಡಿಯಿಂದ ಎತ್ತಿ ಹಾಕಿದ ಕೆಂಪು ಜಲ್ಲಿಯ ನಡುವೆ ಬಿದ್ದಿದ್ದ ಒಂದು ಬೆಣಚುಶಿಲೆಯ ತುಂಡು ಇಪ್ಪತ್ತೆಂಟು ವರ್ಷದ ಫೂಟರ ಕಣ್ಣಿಗೆ ಬಿತ್ತು. ಕಲ್ಲು ತಾನಾಗಿ ಒಡೆದರೆ ಆ ಆಕಾರ ಬಾರದು. ಎರಡು ಮೈಗಳಿಂದಲೂ ಚಕ್ಕೆಗಳನ್ನು ಹಾರಿಸಿ, ಅಂಚನ್ನು ಹರಿತ ಮಾಡಿ, ಅಂಗೈಗೆ ಹೊಂದುವಂತೆ ಯಾರೋ ಅದನ್ನು ತಿದ್ದಿದ್ದರು. ಅದು ಆದಿಮಾನವನ ಕೈಗೊಡಲಿ.

ಅದಕ್ಕೆ ನಾಲ್ಕು ವರ್ಷಗಳ ಹಿಂದೆ ಯೂರೋಪಿನಲ್ಲಿ ಇಂಥ ಕಲ್ಲುಗಳಿಂದ ದೊಡ್ಡ ಕೋಲಾಹಲವಾಗಿತ್ತು. ಬೂಷೆ ದ ಪೆರ್ಥ್ ಎಂಬ ಫ್ರೆಂಚ್ ಸುಂಕದ ಅಧಿಕಾರಿಯೊಬ್ಬನು ಸೊಮ್ ನದಿಯ ಜಲ್ಲಿಯಲ್ಲಿ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಎಲುಬಿನೊಡನೆ ಸಿಗುತ್ತವೆಯೆಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದರೂ ಪಂಡಿತರು ನಗುತ್ತಿದ್ದರು. ೧೮೫೯ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಸ್ವತಃ ಹೋಗಿ ನೋಡಿ ಅವನ ಮಾತನ್ನು ಒಪ್ಪಿಕೊಂಡರು. ಮನುಷ್ಯನ ವಯಸ್ಸು ಕೆಲವು ಸಾವಿರ ವರ್ಷಗಳೆಂಬ ಅವರ ನಂಬಿಕೆ ಅಂದಿಗೆ ಬುಡಮೇಲಾಯಿತು. ಪಲ್ಲಾವರದ ಕಲ್ಲು ಆ ಪ್ರಶ್ನೆಯನ್ನು ಸಮುದ್ರದ ಈಚೆಗೆ ತಂದಿತು. ಭರತಖಂಡದಲ್ಲಿಯೂ ಮನುಷ್ಯನು ಅಷ್ಟು ಹಿಂದೆಯೇ ಬದುಕಿದ್ದನೇ? ಇಂಥ ಕಲ್ಲುಗಳು ಮನುಷ್ಯ ಮಾಡಿದವೆಂಬುದನ್ನೇ ಸಂದೇಹಿಸುವವರಿದ್ದ ಕಾಲವದು. ಒಂದೇ ಕಲ್ಲನ್ನು ಹಿಡಿದು ವಾದಕ್ಕೆ ನಿಲ್ಲುವಂತಿರಲಿಲ್ಲ.

ಫೂಟರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್ ೨೮ರಂದು ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗರೊಡನೆ ತಿರುವಳ್ಳೂರಿನ ಕಡೆಯ ಅತ್ತಿರಂಪಾಕ್ಕಂ ಎಂಬ ಹಳ್ಳಿಯಲ್ಲಿ ಇಂಥ ಆಯುಧಗಳನ್ನು ರಾಶಿಯಾಗಿ ಕಂಡುಹಿಡಿದರು. ಅಲ್ಲಿ ಕೆಲವು ಕಲ್ಲುಗಳು ಜಲ್ಲಿಯ ಪದರಿನೊಳಗೇ ಹುದುಗಿದ್ದವು. ಎಂದರೆ ಆ ಪದರು ಕೂಡಿಕೊಳ್ಳುವ ಮೊದಲೇ ಅವನ್ನು ಮಾಡಿದವನು ಬಂದು ಹೋಗಿದ್ದನು. ಈ ಕಾರಣದಿಂದ ಆಯುಧದ ವಯಸ್ಸನ್ನು ತಿಳಿಯಲು ಲ್ಯಾಟರೈಟ್ ಜಲ್ಲಿಯ ವಯಸ್ಸನ್ನು ತಿಳಿಯಬೇಕಾಯಿತು. ೧೮೭೩ರಲ್ಲಿ ಪ್ರಕಟವಾದ, ಪಾಲಾರ್ ನದಿಯ ಉತ್ತರದ ಮದರಾಸು ಮತ್ತು ಉತ್ತರ ಆರ್ಕಾಟು ಸೀಮೆಗಳನ್ನು ಕುರಿತ ಅವರ ವರದಿಯು ಈ ಪ್ರದೇಶದ ನೆಲವನ್ನೆಲ್ಲ ವಿವರಿಸುತ್ತದೆ. ನಾವು ಈಗ ಮನೆಮಾಡಿಕೊಂಡಿರುವ ಮಾಧವರದ ಸುತ್ತಣ ಸೀಮೆಯೂ ಅದರಲ್ಲಿ ಸೇರಿದ್ದೇ. ಅತ್ತಿರಂಪಾಕ್ಕದ ಅತಿ ಹಳೆಯ ಆಯುಧಗಳಿಗೆ ಸುಮಾರು ೧೫ ಲಕ್ಷ ವರ್ಷವಾಗಿದೆಯೆಂದು ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದರು. ಫೂಟರು ಊಹಿಸಲೂ ಅಳುಕುತ್ತಿದ್ದ ಅಂಕೆ ಅದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಪಲ್ಲಾವರ ಮತ್ತು ಪರಂಗಿಮಲೆಯ ಕರಿಗಲ್ಲಿಗೂ ಒಂದು ನಾಮಕರಣದ ಕಥೆಯುಂಟು. ಕಲ್ಕತ್ತೆಯ ಸ್ಥಾಪಕನೆಂದು ಬಹುಕಾಲ ಹೇಳಲಾಗುತ್ತಿದ್ದ ಜಾಬ್ ಚಾರ್ನಕ್ ೧೬೯೩ರ ಜನವರಿಯಲ್ಲಿ ತೀರಿಕೊಂಡನು. ಅವನ ಗೋರಿಗೆ ಕಲ್ಲು ಹೋದದ್ದು ಮದರಾಸಿನ ಈ ಬೆಟ್ಟಗಳಿಂದ. ಬಂಗಾಳದ ಮೆಕ್ಕಲುಮಣ್ಣಿನಲ್ಲಿ ಕಲ್ಲೆಲ್ಲಿಯದು? ಇನ್ನೂರು ವರ್ಷಗಳ ತರುವಾಯ, ೧೮೯೩ರಲ್ಲಿ, ಥಾಮಸ್ ಹಾಲೆಂಡ್ ಎಂಬ ಭೂಗರ್ಭಶಾಸ್ತ್ರಜ್ಞರು ಈ ಶಿಲೆಗೆ ಹೆಸರೊಂದನ್ನು ಹುಡುಕುತ್ತಿದ್ದಾಗ ಆ ಗೋರಿಯನ್ನು ನೆನೆದು ಚಾರ್ನಕೈಟ್ ಎಂದು ಕರೆದರು. ಕಲ್ಲಿನ ಹೆಸರುಗಳ ಕೊನೆಗೆ ಬರುವ ಐಟ್ ಎಂಬುದು ಗ್ರೀಕರಿಂದ ಬಂದ ಪ್ರತ್ಯಯ. ಹುಟ್ಟೂರು ಪಲ್ಲಾವರ, ಹೆಸರು ಕಲ್ಕತ್ತೆಯ ಸಮಾಧಿಯದು! ಹಾಲೆಂಡರ ಹೆಸರನ್ನೂ ಮುಂದೆ ಮ್ಯಾಂಗನೀಸಿನ ಒಂದು ಖನಿಜಕ್ಕೆ ಇಟ್ಟು ಹಾಲೆಂಡೈಟ್ ಎಂದರು. ಬ್ರೂಸೈಟ್ ಎಂಬ ಖನಿಜವೂ ಒಂದುಂಟು; ಆದರೆ ಅದಕ್ಕೆ ಹೆಸರು ಬಂದದ್ದು ಆರ್ಚಿಬಾಲ್ಡ್ ಬ್ರೂಸ್ ಎಂಬ ಅಮೆರಿಕದ ಪಂಡಿತನಿಂದ, ನಮ್ಮ ಬ್ರೂಸ್ ಫೂಟರಿಂದಲ್ಲ. ಅವರು ಹೆಸರಿಡುವಾಗ ಮನುಷ್ಯರನ್ನು ಬಿಟ್ಟು ಊರುಗಳ ಕಡೆಗೆ ತಿರುಗಿದರು.

ಕನ್ನಡ ನಾಡಿನಲ್ಲಿ

ಮದರಾಸಿನ ಕೆಲಸದ ತರುವಾಯ ಫೂಟರ ಡೇರೆಯು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಿಗೆ ಹೋಯಿತು. ಆ ಸೀಮೆಯನ್ನು ಸರ್ಕಾರದವರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಅಲ್ಲಿನ ಹೊಲಗದ್ದೆಗಳ ಮಾತು ಬಹುಮಟ್ಟಿಗೆ ಕನ್ನಡವೆಂಬುದು ನಮಗೆ ತಿಳಿದದ್ದೇ. ಗೋಕಾವಿಯ ಬಳಿಯ ಚಿಕ್ಕದವಳಿಯಲ್ಲಿ ಅವರಿಗೆ ಅಳಿದುಹೋದ ಖಡ್ಗಮೃಗವೊಂದರ ಎಲುಬುಗಳು ದೊರೆತವು. ಕೃಷ್ಣೆಯ ಉಪನದಿಗಳ ದಂಡೆಯಲ್ಲಿ ಖಡ್ಗಮೃಗ ಮೇಯುತ್ತಿದ್ದ ಕಾಲವೊಂದಿತ್ತೆಂಬುದು ಅದರಿಂದ ತಿಳಿಯಿತು. ೧೮೭೪ರಲ್ಲಿ ಅದನ್ನು ವರ್ಣಿಸುವಾಗ ದಕ್ಖನಿನ ಹೆಸರನ್ನೇ ಅದಕ್ಕೆ ಕೊಟ್ಟರು.

ಕಲಾದಗಿಯ ಸುತ್ತಲಿನ ಮರಳುಗಲ್ಲು, ಸುಣ್ಣಕಲ್ಲುಗಳ ಪದರುಗಳಿಗೆ ಅವರಿಟ್ಟ ಹೆಸರು ಕಲಾದಗಿ ಶ್ರೇಣಿ. ಇದು ೧೮೭೬ರ ವರದಿಯಲ್ಲಿದೆ. ಹತ್ತು ವರ್ಷ ಕಳೆಯುವುದರೊಳಗೆ ಜಿಲ್ಲೆಯ ಮುಖ್ಯ ಕಚೇರಿಯು ಕಲಾದಗಿಯನ್ನು ಬಿಟ್ಟು ವಿಜಾಪುರಕ್ಕೆ ಹೋಯಿತು. ಗುಮಾಸ್ತರೂ ಕಡತಗಳೂ ಗಾಡಿಯೇರಿ ಹೊರಟುಹೋದ ಮೇಲೆಯೂ ಊರಿನ ಹೆಸರು ಕಲ್ಲಿನಲ್ಲಿ ಉಳಿದುಕೊಂಡಿತು. ಬಾಗಲಕೋಟೆಯಲ್ಲಿ ಮುಂದೆ ಹುಟ್ಟಿದ ಸಿಮೆಂಟಿನ ಉದ್ಯಮಕ್ಕೆ ಈ ಶ್ರೇಣಿಯ ಸುಣ್ಣಕಲ್ಲೇ ಆಧಾರ.

ಚಿನ್ನದ ವಿಚಾರವೂ ಅದೇ ವರ್ಷಗಳಲ್ಲಿ ಅವರಿಗೆ ಎದುರಾಯಿತು. ಗದಗಿನ ಬಳಿಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮಳೆಗಾಲದ ತರುವಾಯ ಮರಳನ್ನು ಜಾಲಿಸಿ ಚಿನ್ನದ ಕಣಗಳನ್ನು ಹೆಕ್ಕುವ ಜಾಲಗಾರರು ಬಹು ಹಿಂದಿನಿಂದಲೂ ಇದ್ದರು. ಹೋಟೆಲಿನ ಅಡಿಗೆಮನೆಯಲ್ಲಿ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲನ್ನು ಬೇರ್ಪಡಿಸಿದವರಿಗೆ ಆ ಕೈಚಳಕವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಇಲ್ಲಿ ಅಡಿಗೆ ಉಳಿದ ಕಲ್ಲನ್ನು ಚೆಲ್ಲುತ್ತೇವೆ, ಅಲ್ಲಿ ಅಡಿಗೆ ಉಳಿದದ್ದಕ್ಕಾಗಿಯೇ ಎಲ್ಲ ಶ್ರಮ. ಸೊರಟೂರಿನ ಹಳ್ಳದಲ್ಲಿ ಜಾಲಗಾರರ ಕೆಲಸವನ್ನು ಫೂಟರು ಪರೀಕ್ಷಿಸಿ, ಡಂಬಳದ ಗುಡ್ಡಗಳ ಚಿನ್ನವನ್ನು ಕುರಿತು ೧೮೭೪ರಲ್ಲಿ ಬರೆದರು. ಸಿಗುತ್ತಿದ್ದುದು ಅತ್ಯಲ್ಪ. ಆದರೆ ಯಾವ ಕಲ್ಲಿನ ಮೇಲಿಂದ ಹರಿದು ಬಂದ ಹಳ್ಳದಲ್ಲಿ ಚಿನ್ನವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಜಾಲಗಾರನು ತಲೆತಲಾಂತರದಿಂದ ಬಲ್ಲನು. ಫೂಟರು ಆ ತಿಳಿವಳಿಕೆಯ ಹಿಂದಿರುವ ಕಾರಣವನ್ನು ಹುಡುಕಿದರು. ಜಾಲಗಾರರ ಹೆಸರುಗಳನ್ನು ಯಾವ ಶ್ರೇಣಿಗೂ ಯಾರೂ ಇಡಲಿಲ್ಲವೆಂಬುದನ್ನು ನಾವು ಇಲ್ಲಿಯೇ ಹೇಳಿಬಿಡುತ್ತೇವೆ.

ಅಲ್ಲಿಯವರೆಗೆ ದಕ್ಷಿಣದ ಹಳೆಯ ಕಲ್ಲುಗಳನ್ನೆಲ್ಲ ನೈಸ್ ಎಂಬ ಒಂದೇ ಮೂಟೆಯಲ್ಲಿ ಕಟ್ಟಿಡುವುದು ವಾಡಿಕೆಯಾಗಿತ್ತು. ಫೂಟರೂ ಮೊದಲು ಹಾಗೆಯೇ ಮಾಡಿದ್ದರು. ಬಳ್ಳಾರಿ, ಅನಂತಪುರ ಜಿಲ್ಲೆಗಳನ್ನು ನೋಡಿದ ಮೇಲೆ ಅವರಿಗೆ ತಮ್ಮ ಹಳೆಯ ಲೆಕ್ಕ ತಪ್ಪೆಂದು ತೋರಿತು. ಬೂದು ಬಣ್ಣದ ನೈಸಿನ ನಡುವೆ ಉದ್ದನೆಯ ಪಟ್ಟಿಗಳಂತೆ ಬೇರೊಂದು ಕುಲದ ಕಲ್ಲು ಹಾದುಹೋಗಿದೆ: ಪದರುಪದರಾಗಿ ಏಳುವ ಹಸಿರುಗಪ್ಪು ಶಿಲೆ, ಕಬ್ಬಿಣದ ಗೆರೆಗಳುಳ್ಳ ಬೆಣಚುಶಿಲೆ, ಬಳಪದ ಕಲ್ಲು. ನೆಲಕ್ಕೆ ಹಾಸಿದ ಕಂಬಳಿಯು ಸುಕ್ಕುಗಟ್ಟಿ, ಮೇಲೆದ್ದ ಮಡಿಕೆಗಳೆಲ್ಲ ಕಾಲಾಂತರದಲ್ಲಿ ಸವೆದು, ತಗ್ಗಿನ ಮಡಿಕೆಗಳು ಮಾತ್ರ ಉಳಿದರೆ ಹೇಗೆ ಕಾಣುವುದೋ ಹಾಗೆ. ಧಾರವಾಡ ಸೀಮೆಯಲ್ಲಿ ಈ ಕಲ್ಲುಗಳು ಚೆನ್ನಾಗಿ ಬೆಳೆದಿರುವುದರಿಂದ ೧೮೮೬ರಲ್ಲಿ ಅವುಗಳನ್ನು ಧಾರವಾಡ ಶಿಲಾಸಮೂಹವೆಂದು ಬೇರ್ಪಡಿಸಿದರು. ಎರಡು ವರ್ಷಗಳ ಮೇಲೆ, ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಇರುವುದು ಈ ಸಮೂಹದಲ್ಲಿಯೇ ಎಂದು ಸಾಧಿಸುವ ಪ್ರಬಂಧವನ್ನು ಪ್ರಕಟಿಸಿದರು. ಡಂಬಳದಿಂದ ಚಿಕ್ಕನಾಯಕನಹಳ್ಳಿಯ ತನಕ ಒಂದು ಪಟ್ಟಿ, ಸೊಂಡೂರಿನದೊಂದು, ಕೋಲಾರದ್ದೊಂದು, ಹೀಗೆ.

ಕೋಲಾರದ ಕಲ್ಲಿಗೆ ಧಾರವಾಡದ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಚೆನ್ನೈಯ ಹೋಟೆಲಿನ ಫಲಕದ ಮೇಲೆ ಉಡುಪಿ ಎಂದು ಬರೆದಿರುವುದನ್ನು ದಿನವೂ ಒರೆಸುವವರು ಆ ಪ್ರಶ್ನೆಯನ್ನು ಕೇಳಲಾರರು. ಮಾಲೀಕನು ಕುಂದಾಪುರದವನಿರಬಹುದು, ಅಡಿಗೆಯವನು ಕಾರ್ಕಳದವನಿರಬಹುದು. ಅಡಿಗೆಯ ಸಂಪ್ರದಾಯವೊಂದೇ ಆದರೆ ಹೆಸರೂ ಒಂದೇ. ಕಲ್ಲಿನ ವಿಷಯದಲ್ಲಿಯೂ ಅದೇ ನ್ಯಾಯ. ಬೇಲೂರು ಹಳೇಬೀಡುಗಳ ಶಿಲಾಬಾಲಿಕೆಯರನ್ನು ಕಡೆದದ್ದೂ ಮಕ್ಕಳ ಬಳಪಕ್ಕೂ ಉಪ್ಪಿನಕಾಯಿಯ ಮರಿಗೆಗೂ ಒದಗುವ ಮೆದುಕಲ್ಲೂ ಈ ಧಾರವಾಡದ ವಂಶದವೇ.

ಚಿನ್ನದ ಹುಚ್ಚು

ಈ ಪ್ರಬಂಧದ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲದ ಹುಚ್ಚನ್ನು ನೆನೆಯಬೇಕು. ೧೮೮೦ರ ಸುಮಾರಿಗೆ ವೈನಾಡಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಲಂಡನ್ನಿಗೆ ಮುಟ್ಟಿ ಕಂಪೆನಿಗಳು ಅಣಬೆಗಳಂತೆ ಎದ್ದವು. ಷೇರು ಮಾರಿದವರು ಗೆದ್ದರು, ಕೊಂಡವರು ಬಿದ್ದರು. ಕೆಲವೇ ವರ್ಷಗಳಲ್ಲಿ ಯಂತ್ರಗಳು ಕಾಡಿನಲ್ಲಿ ತುಕ್ಕುಹಿಡಿದವು. ಕೋಲಾರದಲ್ಲಿಯೂ ಮೊದಲಿಗೆ ಅದೇ ಸ್ಥಿತಿಯಿತ್ತು. ೧೮೭೩ರಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಅಲ್ಲಿ ಗಣಿಯ ಹಕ್ಕನ್ನು ಕೋರಿದ್ದನು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕಾಲಿಟ್ಟರು. ಹಣ ಮುಗಿಯುತ್ತ ಬಂದು, ಗಣಿಯನ್ನು ಮುಚ್ಚುವುದೇ ಲೇಸೆಂಬ ಮಾತು ಹುಟ್ಟಿದ ಹೊತ್ತಿಗೆ ಹಳಬರ ಗುಂಡಿಗಳ ಕೆಳಗೆ ಚಾಂಪಿಯನ್ ಎಂದು ಹೆಸರಾದ ಚಿನ್ನದ ಎಳೆ ಸಿಕ್ಕಿತು. ಅದು ೧೮೮೫ರ ಆಸುಪಾಸು. ಕೋಲಾರವನ್ನು ಕಂಡುಹಿಡಿದ ಕೀರ್ತಿ ಫೂಟರದಲ್ಲ. ಕೋಲಾರದಲ್ಲಿ ಸಿಕ್ಕಿದ್ದು ಅದೃಷ್ಟದಿಂದಲ್ಲ, ಅಲ್ಲಿನ ಕಲ್ಲಿನ ಕುಲದಿಂದ; ಅದೇ ಕುಲದ ಕಲ್ಲಿರುವೆಡೆ ಹುಡುಕಿರಿ, ಇಲ್ಲದೆಡೆ ಹಣವನ್ನು ಹೂಳಬೇಡಿರಿ, ಎಂಬ ಅರ್ಥ ಅವರ ಪ್ರಬಂಧದಿಂದ ಹೊರಟಿತು. ವಿಧವೆಯರೂ ಪಿಂಚಣಿದಾರರೂ ಉಳಿತಾಯವನ್ನು ಕಂಪೆನಿಗಳ ಕೈಗೆ ಹಾಕುತ್ತಿದ್ದ ದಿನಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಎಲ್ಲರೂ ಕೇಳಿದರೆಂದಲ್ಲ. ಕುಲ ಸರಿಯಿದ್ದರೂ ಗಣಿ ಫಲಿಸಲೇಬೇಕೆಂದೂ ಇಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗದಗಿನ ಕಡೆ ತೆರೆದ ಗಣಿಗಳು ಬೇಗನೆ ಮುಚ್ಚಿಹೋದವು.

ಕೋಲಾರದ ಗಣಿಗಳಿಂದ ಒಟ್ಟು ೮೦೦ ಟನ್ನಿನಷ್ಟು ಚಿನ್ನ ಬಂದಿತೆನ್ನುತ್ತಾರೆ. ಅವುಗಳಿಗಾಗಿಯೇ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಹರಿಯಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ಕೆಲಸ ಮಾಡಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಸೇಲಂ ಮುಂತಾದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಹೋದ ತಮಿಳರು. ಈ ನಾಡಿನವರು ಅನ್ನವನ್ನರಸಿ ಆ ಕಡೆ ನಡೆದರು. ನಾವು ಈ ಕಡೆ ಬಂದೆವು. ೨೦೦೧ರ ಫೆಬ್ರುವರಿ ೨೮ರಂದು ಆ ಗಣಿಗಳು ನಿಂತವು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯು ಇಂದಿಗೂ ನಡೆಯುತ್ತಿದೆ. ಅಲ್ಲಿ ಸುಮಾರು ೬೪೦ ಅಡಿಗಳವರೆಗೆ ಪ್ರಾಚೀನರು ಕಲ್ಲನ್ನು ಕಾಯಿಸಿ ಒಡೆದು ಇಳಿದಿದ್ದ ಗುರುತುಗಳು ದೊರೆತಿವೆ. ಹಟ್ಟಿಯ ಕಲ್ಲೂ ಅದೇ ಬಳಗದ್ದು.

ಬಳ್ಳಾರಿ ಜಿಲ್ಲೆಯನ್ನು ಕುರಿತ ಫೂಟರ ದೊಡ್ಡ ವರದಿಯು ೧೮೯೫ರಲ್ಲಿ ಅಚ್ಚಾಯಿತು. ಸೊಂಡೂರಿನ ಬೆಟ್ಟಗಳಲ್ಲಿರುವ ಕಬ್ಬಿಣದ ಅದಿರು ಎಣಿಕೆಗೆ ಮೀರಿದ್ದೆಂಬುದು ಅದರಿಂದ ಹೊರಗಿನ ಲೋಕಕ್ಕೆ ಸ್ಪಷ್ಟವಾಯಿತು. ಅದಿರಿನ ಹೆಸರು ಹೆಮಟೈಟ್. ಗ್ರೀಕ್ ಭಾಷೆಯಲ್ಲಿ ಹೈಮಾ ಎಂದರೆ ರಕ್ತ. ಕಲ್ಲು ಕಪ್ಪಗಿದ್ದರೂ ತೇದರೆ ರಕ್ತದ ಬಣ್ಣ ಬರುವುದರಿಂದ ಆ ಹೆಸರು. ರಂಗವಲ್ಲಿಯ ಅಂಚಿಗೆ ಹಚ್ಚುವ ಕೆಮ್ಮಣ್ಣಿಗೆ ಕೆಂಪು ಬಂದಿರುವುದೂ ಇದರ ಪುಡಿಯಿಂದಲೇ. ಫೂಟರ ಕಾಲಕ್ಕೆ ಆ ಸೀಮೆಯ ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದವು. ಹಡಗಿನಲ್ಲಿ ಬಂದ ಇಂಗ್ಲಿಷ್ ಕಬ್ಬಿಣ ಅಗ್ಗ, ಇದ್ದಿಲು ದುಬಾರಿ. ಮುಂದೆ ಹಡಗು ತಿರುಗಿತು. ದೋಣಿಮಲೆಯ ದೊಡ್ಡ ಗಣಿ ೧೯೭೭ರಲ್ಲಿ ಆರಂಭವಾಯಿತು. ಬಳ್ಳಾರಿ ಹೊಸಪೇಟೆಗಳ ಅದಿರು ರೈಲಿನಲ್ಲಿ ಬಂದು ನಮ್ಮ ಚೆನ್ನೈ ಬಂದರಿನಿಂದಲೇ ಹೊರದೇಶಗಳಿಗೆ ಹೋಗುತ್ತಿದ್ದಿತು. ಬಂದರಿನ ಸಮೀಪ ವಾಸಿಸಿದವರು ಕಿಟಕಿಯ ಮೇಲೆ ಕೂರುತ್ತಿದ್ದ ಕೆಂಧೂಳನ್ನು ಮರೆತಿರಲಾರರು. ಅದು ಸೊಂಡೂರಿನ ಬೆಟ್ಟ. ನ್ಯಾಯಾಲಯದ ಆಜ್ಞೆಯಂತೆ ೨೦೧೧ರಲ್ಲಿ ಆ ಸಾಗಣೆ ಇಲ್ಲಿ ನಿಂತಿತು. ಅದೇ ವರ್ಷದ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿ ಹೊರಬಿದ್ದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳಿಗೆ ತಡೆಯಾಜ್ಞೆ ಕೊಟ್ಟಿತು. ಫೂಟರು ಎಣಿಕೆಗೆ ಸಿಗದೆಂದು ಬಗೆದ ರಾಶಿಗೂ ಲೆಕ್ಕವನ್ನು ಒಪ್ಪಿಸಬೇಕಾದ ದಿನ ಬಂದಿತು.

ಬಳ್ಳಾರಿಯಲ್ಲಿಯೇ ಅವರು ಕಂಡ ಮತ್ತೊಂದು ಗಣಿಯನ್ನು ಇಲ್ಲಿ ಹೇಳದಿದ್ದರೆ ವೃತ್ತಾಂತ ಕುಂಟಾಗುವುದು. ಪೇಟೆಗೆ ಅನತಿದೂರದ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಗುಡ್ಡದ ಮೇಲೆ ಅರೆಬರೆ ತಿದ್ದಿದ ಕಲ್ಲುಗೊಡಲಿಗಳೂ ಚಕ್ಕೆಗಳೂ ಲೆಕ್ಕವಿಲ್ಲದಷ್ಟು ಬಿದ್ದಿದ್ದವು. ಮೂರು ಸಾವಿರ ವರ್ಷಗಳಿಗೂ ಹಿಂದೆ ಜನರು ಗುಡ್ಡದ ಕರಿಶಿಲೆಯ ಎಳೆಯನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದ ಕಾರ್ಖಾನೆ ಅದು. ನಮ್ಮ ನಾಡಿನ ಗಣಿ ಉದ್ಯಮಕ್ಕೆ ಜನ್ಮಪತ್ರಿಕೆ ಬರೆಯುವುದಾದರೆ ಮೊದಲ ಸಾಲಿನಲ್ಲಿ ಈ ಗುಡ್ಡವೇ ಬರಬೇಕು. ಈಚಿನ ಕಾಲದ ಕಲ್ಲುಕ್ವಾರಿಗಳು ಆ ಗುಡ್ಡಕ್ಕೂ ಕೈಹಾಕಿ ಬಹಳಷ್ಟನ್ನು ಕೆಡಿಸಿರುವುದು ದುಃಖದ ಸಂಗತಿ.

ಮೈಸೂರು, ಏರ್ಕಾಡು

೧೮೯೧ರಲ್ಲಿ ನಿವೃತ್ತರಾದ ಫೂಟರು ಬಡೋದೆ ಸಂಸ್ಥಾನದಲ್ಲಿ ಕೆಲಕಾಲ ಕೆಲಸ ಮಾಡಿದರು. ೧೮೯೪ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ಸ್ವಂತ ಭೂಗರ್ಭ ಇಲಾಖೆಯನ್ನು ತೆರೆದು ಅದರ ಮೊದಲ ಮುಖ್ಯಾಧಿಕಾರಿಯಾಗಿ ಅವರನ್ನು ಕರೆಯಿಸಿಕೊಂಡಿತು. ಅರವತ್ತರ ವಯಸ್ಸಿನಲ್ಲಿ ಅವರು ಮತ್ತೆ ಸುತ್ತಿಗೆ ಹಿಡಿದು ಸಂಸ್ಥಾನದಲ್ಲಿ ಸಂಚರಿಸಿದರು. ೧೮೯೮ರಲ್ಲಿ ಅವರ ಸ್ಥಾನಕ್ಕೆ ಬಂದ ಸ್ಮೀತ್ ಎಂಬವರೂ ಅವರ ಸಂಗಡಿಗರೂ ಫೂಟರ ಮಾತನ್ನು ಒಪ್ಪಲಿಲ್ಲ. ಧಾರವಾಡದ ಕಲ್ಲು ನೈಸಿನ ಮೇಲೆ ಕುಳಿತದ್ದಲ್ಲ, ನೈಸೇ ಕರಗಿ ಅದರೊಳಗೆ ನುಗ್ಗಿದ್ದು. ಆದುದರಿಂದ ಧಾರವಾಡವೇ ಹಿರಿಯದು ಎಂಬುದು ಅವರ ವಾದ. ೧೯೪೦ರಲ್ಲಿ ಬಿ. ರಾಮರಾಯರು ಮೈಸೂರಿನ ಕಲ್ಲುಗಳನ್ನೆಲ್ಲ ಹೊಸದಾಗಿ ಪರಿಶೀಲಿಸಿ, ಧಾರವಾಡದ ಬಹುಭಾಗ ನೀರಿನಲ್ಲಿ ಕೂಡಿಕೊಂಡ ಕಲ್ಲೇ ಎಂದು ಫೂಟರ ಪಕ್ಷಕ್ಕೆ ಬಲಕೊಟ್ಟರು. ಇಂದಿನ ಪಂಡಿತರು ಇಬ್ಬರಿಗೂ ಪಾಲು ಹಂಚಿದ್ದಾರೆ: ನೈಸಿಗಿಂತ ಹಿರಿಯವಾದ ಕೆಲವು ಪಟ್ಟಿಗಳಿವೆ, ಅದರ ಮೇಲೆಯೇ ಕೂಡಿಕೊಂಡ ಕಿರಿಯ ಪಟ್ಟಿಗಳೂ ಇವೆ. ಕಿರಿಯವೆಂದರೂ ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ವಾದದಲ್ಲಿ ಯಾರು ಗೆದ್ದರೂ ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಫೂಟರ ಮೊದಲ ಪತ್ನಿಯ ತಂದೆ ಪೀಟರ್ ಪರ್ಸಿವಲ್ ತಮಿಳು ವಿದ್ವಾಂಸರಾಗಿ ಪ್ರಸಿದ್ಧರು. ಅವರು ಕಡೆಗಾಲವನ್ನು ಸೇಲಂ ಬಳಿಯ ಏರ್ಕಾಡಿನಲ್ಲಿ ಕಳೆದಿದ್ದರು. ಫೂಟರೂ ಅಲ್ಲಿಯೇ ಮನೆಮಾಡಿಕೊಂಡರು. ನಾಲ್ಕು ದಶಕಗಳಲ್ಲಿ ನಾನೂರಕ್ಕೂ ಹೆಚ್ಚು ಸ್ಥಳಗಳಿಂದ ಕೂಡಿಸಿದ್ದ ಕಲ್ಲಿನ ಆಯುಧ, ಮಡಕೆಚೂರು, ಬಳೆತುಂಡುಗಳ ರಾಶಿಯನ್ನೆಲ್ಲ ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಲಂಡನ್ನಿಗೆ ಕಳುಹಿಸಿದ್ದರೆ ಯಾರೂ ತಡೆಯುತ್ತಿರಲಿಲ್ಲ. ತಾವು ಕೂಡಿಸಿದ್ದರ ಪಟ್ಟಿಯನ್ನು ಸ್ವತಃ ಬರೆದು ಮುಗಿಸುವುದೇ ಅವರ ಕೊನೆಯ ವರ್ಷಗಳ ಕೆಲಸವಾಯಿತು. ಎರಡು ಸಂಪುಟಗಳಾಗಿ ಅದು ಅಚ್ಚಾದುದು ೧೯೧೪ ಮತ್ತು ೧೯೧೬ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಎಳುಂಬೂರಿನ ಸಂಗ್ರಹಾಲಯಕ್ಕೆ ನಾವು ಹೋದುದು ವಾರದ ರಜೆಯ ಮಧ್ಯಾಹ್ನ. ಕಂಚಿನ ನಟರಾಜನ ಮುಂದೆ ಜನ ನೆರೆದಿದ್ದರು, ಕಲ್ಲುಗೊಡಲಿಗಳ ಬಳಿ ಯಾರೂ ಇರಲಿಲ್ಲ. ನಮ್ಮ ಗೆಳೆಯರು ಬಿಡುವು ದೊರೆತಾಗ ಒಮ್ಮೆ ನೋಡಿಬರಬೇಕು.

ಫೂಟರು ೧೯೧೨ನೆಯ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಸ್ಮಾರಕವಿರುವುದು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ. ಆ ಚರ್ಚು ನಿಂತಿರುವ ಶೇರ್ವರಾಯನ್ ಬೆಟ್ಟದ ಕಲ್ಲು ಚಾರ್ನಕೈಟ್. ಪಲ್ಲಾವರದ ಬೆಟ್ಟಗಳದೇ ಕಲ್ಲು.